ಯಾರು ಒಳಗೆ ಬಂದರು?

ಲಿನಕ್ಸ್ ಸರ್ವರ್‌ಗೆ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆದ ಕೂಡಲೇ ಪರದೆಯ ಮೇಲೆ ಒಂದು ಸಾಲು ಮೂಡುತ್ತದೆ. ‘ಲಾಸ್ಟ್ ಲಾಗಿನ್’ ಎಂದು ಶುರುವಾಗುವ ಅದರಲ್ಲಿ ವಾರ, ತಾರೀಖು, ಗಂಟೆ, ನಿಮಿಷ, ಸೆಕೆಂಡು, ಕೊನೆಗೆ ಒಂದು ಐಪಿ ವಿಳಾಸ ಇರುತ್ತದೆ. ಈ ಖಾತೆಗೆ ಹಿಂದಿನ ಸಲ ಯಾವಾಗ, ಎಲ್ಲಿಂದ ಪ್ರವೇಶವಾಯಿತು ಎಂಬ ಲೆಕ್ಕವನ್ನು ಸರ್ವರ್ ಕೇಳದೆಯೇ ಒಪ್ಪಿಸುತ್ತದೆ. ಅದನ್ನು ಓದುವವರು ಕಡಿಮೆ. ಅಷ್ಟರಲ್ಲಿ ಬೆರಳುಗಳು ಮುಂದಿನ ಕಮಾಂಡ್ ಹೊಡೆಯುತ್ತಿರುತ್ತವೆ. ಓದುವ ಅಭ್ಯಾಸ ಇಟ್ಟುಕೊಂಡವರನ್ನು ಆ ಸಾಲು ಯಾವತ್ತಾದರೊಂದು ದಿನ ಬೆಚ್ಚಿಬೀಳಿಸಬಹುದು: ಮಂಗಳವಾರ ನಸುಕಿನ ಎರಡೂವರೆಗೆ ನಾನು ಮಲಗಿದ್ದೆನಲ್ಲ?

ಆ ಸಾಲಿನ ಮೇಲೆ ನನಗೆ ಗೌರವವಿದೆ. ಆದರೆ ಅದು ಸುದ್ದಿ ಮುಟ್ಟಿಸುವುದು ನೀವು ಮತ್ತೆ ಲಾಗಿನ್ ಆದಾಗ, ಅದೂ ನಿಮ್ಮ ಖಾತೆಯ ಮಟ್ಟಿಗೆ ಮಾತ್ರ. ಪಕ್ಕದ ಖಾತೆಯಲ್ಲಿ ಯಾರು ಕುಳಿತಿದ್ದರು ಎಂಬುದು ಅದರಿಂದ ತಿಳಿಯದು. ಜೊತೆಗೆ ಆ ದಾಖಲೆಗಳೆಲ್ಲ ಇರುವುದು ಅದೇ ಯಂತ್ರದ ಡಿಸ್ಕ್‌ನಲ್ಲಿ. ಒಳಗೆ ಬಂದವನಿಗೆ ರೂಟ್ ಅಧಿಕಾರ ಸಿಕ್ಕಿತೆಂದರೆ ಅವನು ತನ್ನ ಹೆಜ್ಜೆಗುರುತನ್ನು ಅಳಿಸಿ ಹೋಗಬಲ್ಲ. ಬಂದವನ ಕೈಗೆ ಎಟುಕದ ಜಾಗಕ್ಕೆ, ಅವನು ಬಂದ ಗಳಿಗೆಯಲ್ಲೇ ಸುದ್ದಿ ಹೋಗಬೇಕು. ಇದನ್ನು ಒಂದು ಇಮೇಲ್‌ನಿಂದ, ಹತ್ತು ಸಾಲಿನ ಸ್ಕ್ರಿಪ್ಟ್‌ನಿಂದ ಸಾಧಿಸಬಹುದು. ಸ್ವಂತ ಸರ್ವರ್ ಇಟ್ಟುಕೊಂಡ ಪ್ರತಿಯೊಬ್ಬರೂ ಮೊದಲ ದಿನವೇ ಮಾಡಿಕೊಳ್ಳಬೇಕಾದ ಕೆಲಸ ಇದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ದೊಡ್ಡ ಕಂಪನಿಗಳಲ್ಲಿ ಇಪ್ಪತ್ನಾಲ್ಕು ಗಂಟೆಯೂ ಕಣ್ಣಿಟ್ಟಿರುವ ತಂಡಗಳಿರುತ್ತವೆ. ತಿಂಗಳಿಗೆ ಐನೂರು ರೂಪಾಯಿ ಆಸುಪಾಸಿನ ಬಾಡಿಗೆ ಸರ್ವರ್‌ನಲ್ಲಿ ಪುಸ್ತಕದಂಗಡಿಯ ಜಾಲತಾಣ ನಡೆಸುವವರಿಗೆ, ಕಾಲೇಜಿನ ಲ್ಯಾಬ್‌ನಲ್ಲಿ ಒಂದೇ ಯಂತ್ರವನ್ನು ಹಲವರು ಹಂಚಿಕೊಂಡವರಿಗೆ, ಮನೆಯ ಮೂಲೆಯಲ್ಲಿ ಫೋಟೋ ಸಂಗ್ರಹಕ್ಕೆಂದು ಸಣ್ಣ ಪೆಟ್ಟಿಗೆ ಇಟ್ಟವರಿಗೆ ಅಂಥ ಕಾವಲು ಎಲ್ಲಿಂದ ಬರಬೇಕು?

ಈ ಉಪಾಯ ಎಷ್ಟು ಹಳೆಯದು ಎಂದು ತಿಳಿಯಬೇಕಾದರೆ 1986ರ ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕು. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಖಗೋಳಶಾಸ್ತ್ರಜ್ಞ ಕ್ಲಿಫರ್ಡ್ ಸ್ಟಾಲ್ ಅವರನ್ನು ಕಂಪ್ಯೂಟರ್ ವಿಭಾಗಕ್ಕೆ ಕಳಿಸಿದ್ದರು. ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ 75 ಸೆಂಟ್ ವ್ಯತ್ಯಾಸ ಬರುತ್ತಿದೆ, ಯಾಕೆಂದು ನೋಡು ಎಂದರು. ನೋಡುತ್ತ ಹೋದ ಸ್ಟಾಲ್‌ಗೆ ಸಿಕ್ಕಿದ್ದು ಪಶ್ಚಿಮ ಜರ್ಮನಿಯಿಂದ ನುಸುಳುತ್ತಿದ್ದ ಒಬ್ಬ ಆಗಂತುಕ. ಅಮೆರಿಕದ ಸೇನಾ ಕಂಪ್ಯೂಟರ್‌ಗಳನ್ನು ತಡಕಾಡಿ ಸಿಕ್ಕಿದ್ದನ್ನು ಸೋವಿಯತ್ ಗೂಢಚಾರರಿಗೆ ಮಾರುತ್ತಿದ್ದ ಜಾಲದ ಮಾರ್ಕಸ್ ಹೆಸ್ ಅವನೆಂದು ಆಮೇಲೆ ಗೊತ್ತಾಯಿತು. ಸುಮಾರು 450 ಕಂಪ್ಯೂಟರ್‌ಗಳ ಮೇಲೆ ಅವನು ಕೈ ಹಾಕಿದ, ಮೂವತ್ತಕ್ಕೂ ಹೆಚ್ಚು ಯಂತ್ರಗಳ ಒಳಹೊಕ್ಕ.

ನನ್ನನ್ನು ಇವತ್ತಿಗೂ ಸೆಳೆಯುವುದು ಸ್ಟಾಲ್ ಅವನನ್ನು ಕಾದ ರೀತಿ. ಆಗಂತುಕ ಒಳಗೆ ಬಂದ ತಕ್ಷಣ ಮಾಡುತ್ತಿದ್ದ ಮೊದಲ ಕೆಲಸ, ಇನ್ಯಾರು ಲಾಗಿನ್ ಆಗಿದ್ದಾರೆ, ತನ್ನನ್ನು ಯಾರಾದರೂ ಗಮನಿಸುತ್ತಿದ್ದಾರೆಯೇ ಎಂದು ಸುತ್ತ ನೋಡುವುದು. ಆದ್ದರಿಂದ ಅದೇ ಯಂತ್ರದಲ್ಲಿ ಕಾವಲು ಪ್ರೋಗ್ರಾಂ ಓಡಿಸಿದರೆ ಅವನಿಗೆ ಕಾಣುತ್ತಿತ್ತು. ಸ್ಟಾಲ್ ಒಂದು ವಾರಾಂತ್ಯದಲ್ಲಿ ಸಹೋದ್ಯೋಗಿಗಳ ಮೇಜಿನ ಮೇಲಿದ್ದ ಪ್ರಿಂಟರ್, ಟರ್ಮಿನಲ್‌ಗಳನ್ನೆಲ್ಲ ಹೊತ್ತು ತಂದು ಹೊರಗಿನಿಂದ ಬರುವ ಐವತ್ತು ಲೈನ್‌ಗಳಿಗೆ ಜೋಡಿಸಿದರು. ಆಗಂತುಕ ಒತ್ತಿದ ಪ್ರತಿ ಕೀಲಿಯೂ ಕಾಗದದ ಮೇಲೆ ಅಚ್ಚಾಯಿತು. ಕಾಗದವನ್ನು ದೂರದಿಂದ ಅಳಿಸಲು ಯಾವ ರೂಟ್ ಅಧಿಕಾರಕ್ಕೂ ಆಗುವುದಿಲ್ಲ. ಆಮೇಲೆ ಸ್ಟಾಲ್ ಜೇಬಿನಲ್ಲಿ ಒಂದು ಪೇಜರ್ ಇಟ್ಟುಕೊಂಡರು. ಅವನು ಲಾಗಿನ್ ಆದಾಗಲೆಲ್ಲ ಕಾವಲಿನ ಕಂಪ್ಯೂಟರ್ ಪೇಜರ್‌ಗೆ ಕರೆ ಮಾಡುವಂತೆ ಹೊಂದಿಸಿದರು. ಊಟದ ನಡುವೆ, ನಿದ್ದೆಯ ನಡುವೆ ಅದು ಕೂಗಿದಾಗ ಸೈಕಲ್ ಹತ್ತಿ ಪ್ರಯೋಗಾಲಯಕ್ಕೆ ಓಡುತ್ತಿದ್ದರು. ಇಂದು ನಾವು ಇಮೇಲ್‌ನಲ್ಲಿ ಮಾಡಿಕೊಳ್ಳುವ ಲಾಗಿನ್ ಎಚ್ಚರಿಕೆಯ ಪೂರ್ಣ ತತ್ವ ಆ ಪ್ರಿಂಟರ್ ಮತ್ತು ಆ ಪೇಜರ್‌ನಲ್ಲಿದೆ. ಈ ಕಥೆಯನ್ನು ಸ್ಟಾಲ್ 1989ರಲ್ಲಿ ‘ದಿ ಕುಕೂಸ್ ಎಗ್’ ಎಂಬ ಪುಸ್ತಕವಾಗಿ ಬರೆದರು. ಸರ್ವರ್ ನಡೆಸುವ ಯಾರೇ ಆದರೂ ಒಮ್ಮೆ ಓದಬೇಕು.

ಈಗ ನಮ್ಮ ಕೆಲಸಕ್ಕೆ ಬರೋಣ. ಮೇಲ್ ಕಳಿಸುವ ಆ ಸ್ಕ್ರಿಪ್ಟನ್ನು ಎಲ್ಲಿ ಸಿಕ್ಕಿಸಬೇಕು? ಬಹಳ ಮಂದಿ ಅದನ್ನು ಬ್ಯಾಷ್‌ಆರ್‌ಸಿ ಕಡತದ ಕೊನೆಯಲ್ಲಿ ಬರೆದು ಮುಗಿಸುತ್ತಾರೆ. ಲಾಗಿನ್ ಆದರೆ ಮೇಲ್ ಬರುತ್ತದೆ, ಕೆಲಸ ಆಯಿತು ಎನಿಸುತ್ತದೆ. ಈ ಪದ್ಧತಿಗೆ ನನ್ನ ಖಂಡಿತ ವಿರೋಧವಿದೆ. ಉಬುಂಟುವಿನಲ್ಲಿ ಆ ಕಡತವನ್ನು ತೆರೆದು ಮೊದಲ ಕೆಲವು ಸಾಲುಗಳನ್ನು ನೋಡಿ: ಎದುರಿಗೆ ಮನುಷ್ಯ ಕೂತು ಟೈಪ್ ಮಾಡುತ್ತಿಲ್ಲ ಎಂದಾದರೆ ಏನೂ ಮಾಡದೆ ಹಿಂದಿರುಗು ಎಂದು ಅಲ್ಲೇ ಬರೆದಿದೆ. ಎಂದರೆ ಎಸ್‌ಎಸ್‌ಎಚ್ ಮೂಲಕ ಒಂದೇ ಒಂದು ಕಮಾಂಡ್ ಓಡಿಸಿ ಹೋದವನ ಸುದ್ದಿ ಬರುವುದಿಲ್ಲ. ಎಸ್‌ಎಫ್‌ಟಿಪಿಯಲ್ಲಿ ಬಂದು ನಿಮ್ಮ ಇಡೀ ಡೇಟಾಬೇಸ್ ಬ್ಯಾಕಪ್ಪನ್ನು ಇಳಿಸಿಕೊಂಡು ಹೋದವನ ಸುದ್ದಿಯೂ ಬರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ ಆ ಕಡತ ಬಳಕೆದಾರನದೇ ಸ್ವತ್ತು. ಒಮ್ಮೆ ಬಂದವನು ಆ ಸಾಲನ್ನು ಅಳಿಸಿದರೆ ಎರಡನೇ ಸಲ ಸದ್ದಿಲ್ಲದೆ ಬರುತ್ತಾನೆ. ಇಡೀ ಯಂತ್ರಕ್ಕೆ ಅನ್ವಯಿಸುವ ಎಸ್‌ಎಸ್‌ಎಚ್‌ಆರ್‌ಸಿ ಎಂಬ ಇನ್ನೊಂದು ಕಡತವಿದೆ. ಅದು ವಾಸಿ, ಆದರೆ ಬಳಕೆದಾರ ತನ್ನ ಮನೆ ಫೋಲ್ಡರ್‌ನಲ್ಲಿ ಅಂಥದೇ ಒಂದು ಕಡತ ಇಟ್ಟುಕೊಂಡರೆ ಸಾಮಾನ್ಯವಾಗಿ ಅದೇ ಓಡುತ್ತದೆ, ಯಂತ್ರದ್ದು ಬದಿಗೆ ಸರಿಯುತ್ತದೆ.

ಸರಿಯಾದ ಜಾಗ ಪ್ಯಾಮ್. ಪ್ಲಗಬಲ್ ಅಥೆಂಟಿಕೇಶನ್ ಮಾಡ್ಯೂಲ್ಸ್ ಎಂಬುದರ ಚಿಕ್ಕ ಹೆಸರು ಅದು. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ವಿಪಿನ್ ಸಮರ್ ಮತ್ತು ರೋಲಂಡ್ ಸ್ಕೀಮರ್ಸ್ ಮುಂದಿಟ್ಟ ಈ ವಿನ್ಯಾಸ ಲಿನಕ್ಸ್‌ಗೂ ಬಂದು ಅಲ್ಲಿಯೇ ಬೇರುಬಿಟ್ಟಿತು. ಗುರುತು ಪರೀಕ್ಷಿಸುವ ಕೆಲಸವನ್ನು ಪ್ರತಿ ಪ್ರೋಗ್ರಾಂ ತಾನೇ ಮಾಡಿಕೊಳ್ಳುವ ಬದಲು ಒಂದು ನಡುವಿನ ಪದರಕ್ಕೆ ಒಪ್ಪಿಸುವುದು ಅದರ ಸಾರ. ಆ ಪದರದಲ್ಲಿ ‘ಸೆಷನ್’ ಎಂಬ ಹಂತವಿದೆ: ಪರೀಕ್ಷೆ ಮುಗಿದು, ಬಳಕೆದಾರನಿಗೆ ಶೆಲ್ ಸಿಗುವುದಕ್ಕೆ ಮುಂಚಿನ ಕ್ಷಣ. ಅಲ್ಲಿ ಓಡುವುದನ್ನು ಬಳಕೆದಾರ ತಪ್ಪಿಸಲಾರ, ತಿದ್ದಲಾರ. ಶೆಲ್ ಬೇಡವೇ ಬೇಡ, ಬರೀ ಸುರಂಗ ಕೊರೆದು ಪೋರ್ಟ್ ದಾಟಿಸುತ್ತೇನೆ ಎಂದು ಬಂದವನೂ ಈ ಹಂತವನ್ನು ಹಾದೇ ಹೋಗಬೇಕು.

ಮಾಡಬೇಕಾದದ್ದು ಇಷ್ಟು. ಇಟಿಸಿ ಫೋಲ್ಡರ್‌ನೊಳಗೆ ಪ್ಯಾಮ್‌ಗೆ ಮೀಸಲಾದ ಫೋಲ್ಡರ್ ಇದೆ. ಅದರಲ್ಲಿ ಎಸ್‌ಎಸ್‌ಎಚ್‌ಡಿ ಹೆಸರಿನ ಕಡತದ ಕೊನೆಗೆ ಒಂದು ಸಾಲು ಸೇರಿಸಬೇಕು: ಮೊದಲು ‘ಸೆಷನ್’, ಆಮೇಲೆ ‘ಆಪ್ಷನಲ್’, ಆಮೇಲೆ ‘ಪ್ಯಾಮ್ ಎಕ್ಸೆಕ್’ ಎಂಬ ಮಾಡ್ಯೂಲಿನ ಹೆಸರು, ಕೊನೆಗೆ ನಿಮ್ಮ ಸ್ಕ್ರಿಪ್ಟಿನ ಪೂರ್ಣ ವಿಳಾಸ. ಸ್ಕ್ರಿಪ್ಟ್ ಓಡುವಾಗ ಬಳಕೆದಾರನ ಹೆಸರು, ಅವನು ಬಂದ ವಿಳಾಸ, ಯಾವ ಸೇವೆಯ ಮೂಲಕ ಬಂದ, ಸೆಷನ್ ತೆರೆಯುತ್ತಿದೆಯೋ ಮುಚ್ಚುತ್ತಿದೆಯೋ ಎಂಬುದನ್ನೆಲ್ಲ ಪ್ಯಾಮ್ ತಾನೇ ವೇರಿಯಬಲ್‌ಗಳಲ್ಲಿ ತುಂಬಿ ಕೊಡುತ್ತದೆ. ತೆರೆಯುವಾಗ ಮಾತ್ರ ಮೇಲ್ ಕಳಿಸು ಎಂದು ಸ್ಕ್ರಿಪ್ಟಿನ ಆರಂಭದಲ್ಲೇ ಷರತ್ತು ಹಾಕದಿದ್ದರೆ ಪ್ರತಿ ಲಾಗಿನ್‌ಗೂ ಎರಡೆರಡು ಮೇಲ್ ಬರುತ್ತವೆ.

ಆ ಸಾಲಿನಲ್ಲಿ ‘ಆಪ್ಷನಲ್’ ಎಂಬ ಮಾತಿನ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ಅಲ್ಲಿ ‘ರಿಕ್ವೈರ್ಡ್’ ಎಂದು ಬರೆದು, ಸ್ಕ್ರಿಪ್ಟಿನಲ್ಲಿ ಒಂದು ಉದ್ಧರಣ ಚಿಹ್ನೆ ತಪ್ಪಿ ಅದು ವಿಫಲವಾಯಿತೆನ್ನಿ, ಯಾರಿಗೂ ಲಾಗಿನ್ ಸಿಗುವುದಿಲ್ಲ, ಯಂತ್ರದ ಒಡೆಯನಿಗೂ. ಮೇಲ್ ಹೋಗದಿದ್ದರೂ ಒಡೆಯ ಒಳಗೆ ಬರುವಂತಿರಬೇಕು. ಪ್ಯಾಮ್ ಕಡತಕ್ಕೆ ಕೈ ಹಾಕುವ ಮುನ್ನ ಒಂದು ಟರ್ಮಿನಲ್‌ನಲ್ಲಿ ರೂಟ್ ಆಗಿ ಲಾಗಿನ್ ಆಗಿ ಅದನ್ನು ಮುಚ್ಚದೆ ಬಿಡಿ. ಬದಲಾವಣೆಯನ್ನು ಇನ್ನೊಂದು ಟರ್ಮಿನಲ್‌ನಿಂದ ಹೊಸದಾಗಿ ಲಾಗಿನ್ ಆಗಿ ಪರೀಕ್ಷಿಸಿ. ಸಿಸ್ಟಂ ಆಡಳಿತದಲ್ಲಿ ನುರಿತವರೆಲ್ಲ ಪಾಲಿಸುವ ಶಿಸ್ತು ಇದು. ಸ್ಕ್ರಿಪ್ಟಿನ ಒಡೆತನ ರೂಟ್‌ನದಾಗಿರಲಿ, ಬೇರೆಯವರಿಗೆ ತಿದ್ದುವ ಅನುಮತಿ ಇರದಿರಲಿ. ಮೇಲ್ ಕಳಿಸುವ ಕೆಲಸವನ್ನು ಹಿನ್ನೆಲೆಗೆ ತಳ್ಳಿ. ಇಲ್ಲವಾದರೆ ಮೇಲ್ ಸರ್ವರ್ ನಿಧಾನವಾದ ದಿನ ಪ್ರತಿಯೊಬ್ಬರ ಲಾಗಿನ್ನೂ ಅದಕ್ಕಾಗಿ ಕಾಯುತ್ತ ನಿಲ್ಲುತ್ತದೆ.

ಮೇಲ್ ಹೊರಡುವುದು ಒಂದು ಕೆಲಸ, ನಿಮ್ಮನ್ನು ತಲುಪುವುದು ಬೇರೆಯೇ ಕೆಲಸ. ಯೂನಿಕ್ಸ್ ಯಂತ್ರಗಳಿಗೆ ದೂರನ್ನು ರೂಟ್‌ನ ಸ್ಥಳೀಯ ಅಂಚೆಪೆಟ್ಟಿಗೆಗೆ ಹಾಕುವ ಹಳೆಯ ರೂಢಿಯಿದೆ. ಅಧಿಕಾರವಿಲ್ಲದವರು ಸುಡೋ ಬಳಸಲು ಹೋದರೆ ‘ಈ ಘಟನೆಯನ್ನು ವರದಿ ಮಾಡಲಾಗುವುದು’ ಎಂಬ ಎಚ್ಚರಿಕೆ ಕಾಣುತ್ತಿತ್ತಲ್ಲ, ಆ ವರದಿ ಹೋಗುತ್ತಿದ್ದುದು ಅಲ್ಲಿಗೇ. ಎಷ್ಟೋ ಸರ್ವರ್‌ಗಳಲ್ಲಿ ಆ ಪೆಟ್ಟಿಗೆಯನ್ನು ವರ್ಷಗಟ್ಟಲೆ ಯಾರೂ ತೆರೆದಿರುವುದಿಲ್ಲ. ಮೇಲ್ ಯಂತ್ರವನ್ನು ಬಿಟ್ಟು ಹೊರಗೆ ಹೋಗಲೇಬೇಕು. ಆದರೆ ಕ್ಲೌಡ್ ಸರ್ವರ್‌ಗಳಲ್ಲಿ ಸ್ಪ್ಯಾಮ್ ಹಾವಳಿ ತಡೆಯಲು ಹೊರಹೋಗುವ 25ನೇ ಪೋರ್ಟನ್ನು ಸಾಮಾನ್ಯವಾಗಿ ಮುಚ್ಚಿರುತ್ತಾರೆ. ಮನೆಯ ಬ್ರಾಡ್‌ಬ್ಯಾಂಡ್‌ನಿಂದ ನೇರವಾಗಿ ಕಳಿಸಿದ ಮೇಲ್ ಅನ್ನು ದೊಡ್ಡ ಸೇವೆಗಳು ಹೆಚ್ಚಾಗಿ ಸ್ವೀಕರಿಸುವುದಿಲ್ಲ. ಹೀಗಾಗಿ 587 ಅಥವಾ 465ನೇ ಪೋರ್ಟ್ ಮೂಲಕ, ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು, ಒಂದು ನಂಬಿಕಸ್ಥ ಮೇಲ್ ಸೇವೆಯ ಹೆಗಲೇರಿ ಕಳಿಸುವುದೇ ದಾರಿ.

ಇದಕ್ಕೆ ಎಂಎಸ್‌ಎಂಟಿಪಿ ಎಂಬ ಪುಟ್ಟ ಪ್ರೋಗ್ರಾಂ ಸಾಕು ಎನ್ನುವವರಿದ್ದಾರೆ. ನಾನು ಪೋಸ್ಟ್‌ಫಿಕ್ಸ್ ಕಡೆಯವನು. ಎಂಎಸ್‌ಎಂಟಿಪಿ ಆ ಕ್ಷಣ ಕಳಿಸಲಾಗದಿದ್ದರೆ ಸೋತೆನೆಂದು ಕೈಬಿಡುತ್ತದೆ. ವೀಟ್ಸೆ ವೆನೆಮಾ ಬರೆದ ಪೋಸ್ಟ್‌ಫಿಕ್ಸ್ ಅದನ್ನು ಸಾಲಿನಲ್ಲಿಟ್ಟುಕೊಂಡು ಮತ್ತೆ ಮತ್ತೆ ಯತ್ನಿಸುತ್ತದೆ, ಬೇರೇನೂ ಹೇಳದಿದ್ದರೆ ಐದು ದಿನಗಳವರೆಗೆ. ಹೊರಗಿನ ಮೇಲ್ ಒಂದನ್ನೂ ಸ್ವೀಕರಿಸದೆ ಬರೀ ಕಳಿಸುವಂತೆ ಅದನ್ನು ಹೊಂದಿಸಿದರೆ ಭಾರವೂ ಅಲ್ಲ, ಅಪಾಯವೂ ಇಲ್ಲ.

ಇಲ್ಲಿ ಎಲ್ಲರೂ ನಿಂತು ಯೋಚಿಸಬೇಕಾದ ಸಂಗತಿಯೊಂದಿದೆ. ಮೇಲ್ ಸೇವೆಯ ಪಾಸ್‌ವರ್ಡ್ ಸರ್ವರ್‌ನ ಮೇಲೇ ಬರೆದಿಡಬೇಕಾಗುತ್ತದೆ. ಜಿಮೇಲ್ ಬಳಸಿದರೆ ಅದು 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್. ಅದರಿಂದ ಮೇಲ್ ಕಳಿಸುವುದಷ್ಟೇ ಅಲ್ಲ, ಐಮ್ಯಾಪ್ ಮೂಲಕ ಇಡೀ ಅಂಚೆಪೆಟ್ಟಿಗೆಯನ್ನು ಓದಲೂ ಅಳಿಸಲೂ ಆಗುತ್ತದೆ. ನಿಮ್ಮ ಸ್ವಂತ ಖಾತೆಯಿಂದ ನಿಮಗೇ ಎಚ್ಚರಿಕೆ ಕಳಿಸಿಕೊಳ್ಳುವಂತೆ ಮಾಡಿಟ್ಟರೆ, ರೂಟ್ ದಕ್ಕಿಸಿಕೊಂಡವನು ಆ ಪಾಸ್‌ವರ್ಡನ್ನು ಓದಿ, ನಿಮಗೆ ಬಂದ ಎಚ್ಚರಿಕೆಯನ್ನೇ ಅಳಿಸಿ, ಮೇಲಾಗಿ ನಿಮ್ಮ ಪತ್ರಗಳನ್ನೆಲ್ಲ ಓದಿಕೊಂಡು ಹೋಗುತ್ತಾನೆ. ಕಳಿಸಲಿಕ್ಕೆಂದೇ ಒಂದು ಬರಿದಾದ ಖಾತೆ ತೆರೆಯಿರಿ. ತಲುಪುವ ಖಾತೆ ಬೇರೆ ಇರಲಿ, ಅದರ ಕೀಲಿ ಯಾವತ್ತೂ ಆ ಸರ್ವರ್ ಮುಟ್ಟದಿರಲಿ. ಸ್ಟಾಲ್ ಅವರ ಪ್ರಿಂಟರ್ ಕಾಗದಕ್ಕೆ ನಾವು ಕೊಡಬಹುದಾದ ಹತ್ತಿರದ ಬದಲಿ ಇದೇ.

ಇನ್ನು ಪತ್ರದ ಒಕ್ಕಣೆ. ಫೋನಿನ ಮೇಲೆ ಕ್ಷಣಕಾಲ ತೋರಿ ಮರೆಯಾಗುವುದು ವಿಷಯದ ಸಾಲು ಮಾತ್ರ, ಹಾಗಾಗಿ ಹೇಳಬೇಕಾದದ್ದೆಲ್ಲ ಅಲ್ಲೇ ಇರಬೇಕು. ‘ಭದ್ರತಾ ಎಚ್ಚರಿಕೆ’ ಎಂಬ ಶೀರ್ಷಿಕೆ ಏನನ್ನೂ ಹೇಳುವುದಿಲ್ಲ. ನನ್ನದು ಹೀಗಿರುತ್ತದೆ: ‘ವೆಬ್-1: ಡಿಪ್ಲಾಯ್, 203.0.113.45, ರಾತ್ರಿ 11:10’. ಯಂತ್ರ, ಖಾತೆ, ವಿಳಾಸ, ಹೊತ್ತು. ಪತ್ರವನ್ನು ತೆರೆಯದೆಯೇ ಇದು ನಾನೇ, ಅಥವಾ ಇದು ನಾನಲ್ಲ ಎಂದು ಹೇಳಬಹುದು. ಹೊತ್ತಿನ ವಿಚಾರದಲ್ಲಿ ಒಂದು ಕಿವಿಮಾತು. ಬಾಡಿಗೆ ಸರ್ವರ್‌ಗಳ ಗಡಿಯಾರ ಬಹುಮಟ್ಟಿಗೆ ಯುಟಿಸಿಯಲ್ಲಿರುತ್ತದೆ. ನಮ್ಮ ರಾತ್ರಿ 11:10 ಅದಕ್ಕೆ ಸಂಜೆ 5:40. ಅರ್ಧ ನಿದ್ದೆಯಲ್ಲಿ ಐದೂವರೆ ಗಂಟೆ ಕೂಡಿಸುವ ಲೆಕ್ಕ ಯಾರಿಗೂ ಬೇಡ. ವಿಷಯದ ಸಾಲಿನಲ್ಲಿ ಭಾರತೀಯ ಕಾಲಮಾನ, ಒಡಲಿನಲ್ಲಿ ಎರಡೂ ಇರಲಿ; ಮುಂದೆ ಲಾಗ್‌ಗಳ ಜೊತೆ ತಾಳೆ ನೋಡುವಾಗ ಯುಟಿಸಿ ಬೇಕಾಗುತ್ತದೆ.

ಐಪಿ ವಿಳಾಸವನ್ನೊಂದೇ ನೆಚ್ಚಿಕೊಳ್ಳುವಂತಿಲ್ಲ. ನಮ್ಮಲ್ಲಿ ಮೊಬೈಲ್ ಜಾಲಗಳು ಒಂದೇ ವಿಳಾಸವನ್ನು ಬಹಳ ಮಂದಿಗೆ ಹಂಚುತ್ತವೆ. ಮೈಸೂರಿನಲ್ಲಿ ಕೂತು ಲಾಗಿನ್ ಆದರೆ ವಿಳಾಸ ಇನ್ಯಾವುದೋ ಮಹಾನಗರದ್ದೆಂದು ತೋರಬಹುದು. ಕೀಲಿಯ ಬೆರಳಚ್ಚು ಅದಕ್ಕಿಂತ ಗಟ್ಟಿ ಸಾಕ್ಷಿ. ಎಸ್‌ಎಸ್‌ಎಚ್ ಸೇವೆ ತನ್ನ ಲಾಗ್‌ನಲ್ಲಿ ಯಾವ ಕೀಲಿಯನ್ನು ಒಪ್ಪಿಕೊಂಡೆನೆಂದು ಅದರ ಬೆರಳಚ್ಚಿನ ಸಮೇತ ಬರೆಯುತ್ತದೆ. ಆ ಸಾಲನ್ನು ಹೆಕ್ಕಿ ಪತ್ರದ ಒಡಲಿಗೆ ಸೇರಿಸಿ. ಲ್ಯಾಪ್‌ಟಾಪ್‌ಗೊಂದು, ಆಫೀಸಿನ ಯಂತ್ರಕ್ಕೊಂದು, ಫೋನಿಗೊಂದು ಎಂದು ಬೇರೆ ಬೇರೆ ಕೀಲಿ ಇಟ್ಟುಕೊಂಡಿದ್ದರೆ ಯಾವ ಸಾಧನದಿಂದ ಪ್ರವೇಶವಾಯಿತೆಂದು ಗುರುತು ಹತ್ತುತ್ತದೆ. ಕಳೆದುಹೋದ ಲ್ಯಾಪ್‌ಟಾಪ್‌ನ ಕೀಲಿಯೊಂದನ್ನೇ ರದ್ದು ಮಾಡಲೂ ಆಗುತ್ತದೆ.

ಯಾವುದಕ್ಕೆ ಮೇಲ್ ಕಳಿಸಬಾರದು ಎಂಬುದನ್ನೂ ಅಷ್ಟೇ ಯೋಚಿಸಬೇಕು. ವಿಫಲವಾದ ಯತ್ನಗಳಿಗೆ ಬೇಡವೇ ಬೇಡ. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ತಾತು ಯೂಲೋನೆನ್ ಎಸ್‌ಎಸ್‌ಎಚ್ ಬರೆದಾಗ, ಎಫ್‌ಟಿಪಿಯ 21 ಮತ್ತು ಟೆಲ್ನೆಟ್‌ನ 23ರ ನಡುವೆ ಖಾಲಿ ಇದ್ದ 22ನೇ ಪೋರ್ಟನ್ನು ಕೇಳಿ ಪಡೆದರು. ಇವತ್ತು ಅಂತರ್ಜಾಲಕ್ಕೆ ತೆರೆದಿಟ್ಟ ಯಾವ ಸರ್ವರ್‌ನ 22ನೇ ಪೋರ್ಟನ್ನಾದರೂ ಸ್ವಯಂಚಾಲಿತ ಪ್ರೋಗ್ರಾಂಗಳು ಹಗಲಿರುಳೂ ಬಡಿಯುತ್ತಿರುತ್ತವೆ. ‘ರೂಟ್’, ‘ಅಡ್ಮಿನ್’, ‘ಟೆಸ್ಟ್’, ‘ಒರಾಕಲ್’ ಎಂದು ಹೆಸರುಗಳನ್ನು ಪ್ರಯತ್ನಿಸುತ್ತಲೇ ಇರುತ್ತವೆ. ಇದಕ್ಕೆಲ್ಲ ಮೇಲ್ ಕಳಿಸಿದರೆ ಮೂರನೇ ದಿನ ನೀವೇ ಆ ಪತ್ರಗಳನ್ನು ನೇರ ಕಸದಬುಟ್ಟಿಗೆ ಹಾಕುವ ಫಿಲ್ಟರ್ ಬರೆಯುತ್ತೀರಿ, ಅದರೊಂದಿಗೆ ನಿಜವಾದ ಪತ್ರವೂ ಹೋಗುತ್ತದೆ. ಪಾಸ್‌ವರ್ಡ್ ಲಾಗಿನ್ ಮುಚ್ಚಿ, ಕೀಲಿ ಮಾತ್ರ ಇಟ್ಟು, ಬಡಿಯುವವರನ್ನು ತಡೆಯುವ ಕೆಲಸವನ್ನು ಫೇಲ್‌2ಬ್ಯಾನ್ ಎಂಬ ಪ್ರೋಗ್ರಾಂಗೆ ಬಿಟ್ಟುಕೊಡಿ. ಮೇಲ್ ಇರುವುದು ಒಳಗೆ ಬಂದವರಿಗೆ.

ಗಂಟೆಗೊಮ್ಮೆ ಬರುವ ಬ್ಯಾಕಪ್ ಪ್ರೋಗ್ರಾಂ ಇನ್ನೊಂದು ತಲೆನೋವು. ದಿನಕ್ಕೆ 24 ಪತ್ರ. ಅದಕ್ಕೆ ವಿನಾಯಿತಿ ಕೊಡಲೇಬೇಕು, ಆದರೆ ಬರೀ ಖಾತೆಯ ಹೆಸರು ನೋಡಿ ಕೊಟ್ಟರೆ ಆ ಖಾತೆಯೇ ಕಳ್ಳದಾರಿಯಾಗುತ್ತದೆ. ಖಾತೆಯೂ ವಿಳಾಸವೂ ಎರಡೂ ಹೊಂದಿದಾಗ ಮಾತ್ರ ಸುಮ್ಮನಿರು ಎಂದು ಸ್ಕ್ರಿಪ್ಟಿಗೆ ಹೇಳಿ. ಆ ಬ್ಯಾಕಪ್ ಕೀಲಿಗೆ ಅಧಿಕೃತ ಕೀಲಿಗಳ ಕಡತದಲ್ಲೇ ಕಟ್ಟು ಹಾಕಿ: ಈ ಒಂದು ವಿಳಾಸದಿಂದ, ಈ ಒಂದು ಕಮಾಂಡ್ ಮಾತ್ರ. ಅದೇ ಖಾತೆ ಬೇರೆ ವಿಳಾಸದಿಂದ ಬಂದು ಬಾಗಿಲು ತೆರೆಯಿತೆಂದರೆ ಅಂದು ಬರುವ ಪತ್ರಕ್ಕೆ ತೂಕವಿರುತ್ತದೆ.

ಹಲವರು ಬಳಸುವ ಯಂತ್ರವಾದರೆ ಅವರಿಗೆಲ್ಲ ಮುಂಚಿತವಾಗಿ ಹೇಳಿ. ಲಾಗಿನ್ ಆದ ಹೊತ್ತು, ಜಾಗ ದಾಖಲಾಗುತ್ತದೆಂಬುದು ಅವರಿಗೆ ತಿಳಿದಿರಬೇಕು. ಆಯಾ ಖಾತೆಯವರಿಗೂ ಪತ್ರದ ಪ್ರತಿ ಹೋಗುವುದಾದರೆ ಇನ್ನೂ ಒಳ್ಳೆಯದು. ಬಂದದ್ದು ತಾನಲ್ಲ ಎಂದು ಎಲ್ಲರಿಗಿಂತ ಮೊದಲು ಹೇಳಬಲ್ಲವರು ಅವರೇ.

ಈ ಪತ್ರಕ್ಕೆ ಏನು ಕಾಣುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ನಿಮ್ಮ ಜಾಲತಾಣದ ಯಾವುದೋ ಹಳೆಯ ಪ್ಲಗಿನ್‌ನ ಬಿರುಕಿನಿಂದ ನುಗ್ಗಿದವನು ವೆಬ್ ಸರ್ವರ್‌ನ ಹೆಸರಿನಲ್ಲಿ ಓಡಾಡುತ್ತಾನೆ, ಪ್ಯಾಮ್‌ನ ಬಳಿ ಸುಳಿಯುವುದೇ ಇಲ್ಲ. 2024ರ ಮಾರ್ಚ್ 29ರಂದು ಬಯಲಾದ ಎಕ್ಸ್‌ಝಡ್ ಪ್ರಕರಣ ಅದಕ್ಕಿಂತ ಭಯಾನಕ. ಎಕ್ಸ್‌ಝಡ್ ಎಂಬ ಸಂಕುಚನ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಅಡಗಿಸಿಟ್ಟ ಕೋಡ್, ಕೆಲವು ಲಿನಕ್ಸ್ ವಿತರಣೆಗಳಲ್ಲಿ ಎಸ್‌ಎಸ್‌ಎಚ್ ಸೇವೆಯೊಳಕ್ಕೇ ಕೈ ಚಾಚಿತ್ತು. ಗುಪ್ತ ಕೀಲಿ ಉಳ್ಳವನು ಗುರುತಿನ ಪರೀಕ್ಷೆ ಮುಗಿಯುವ ಮೊದಲೇ ತನ್ನ ಕಮಾಂಡ್ ಓಡಿಸಬಹುದಿತ್ತು. ಸೆಷನ್ ಹಂತ ಬಂದೇ ಇರುತ್ತಿರಲಿಲ್ಲ, ಪತ್ರವೂ ಹೊರಡುತ್ತಿರಲಿಲ್ಲ. ಅದನ್ನು ಹಿಡಿದದ್ದು ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್. ಲಾಗಿನ್‌ಗೆ ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂಬ ಸಂಶಯದ ಬೆನ್ನು ಹತ್ತಿ ಅವರು ಅಲ್ಲಿಗೆ ತಲುಪಿದರು. ಇಷ್ಟಾದರೂ ಕದ್ದ ಕೀಲಿ, ಸೋರಿದ ಪಾಸ್‌ವರ್ಡ್, ಕೆಲಸ ಬಿಟ್ಟುಹೋದವರ ಅಳಿಸದ ಖಾತೆ, ಇಂಥ ಸಾಧಾರಣ ದಾರಿಗಳಿಂದ ಬರುವವರ ಸುದ್ದಿಯನ್ನು ಈ ಪತ್ರ ಮುಟ್ಟಿಸುತ್ತದೆ.

ಮೌನವೂ ಸಂಶಯಾಸ್ಪದವೇ. ಹತ್ತು ದಿನ ಪತ್ರ ಬರಲಿಲ್ಲವೆಂದರೆ ಯಾರೂ ಬರಲಿಲ್ಲವೋ, ಮೇಲ್ ಸೇವೆಯ ಪಾಸ್‌ವರ್ಡ್ ಕೆಟ್ಟಿತೋ? ದಿನಕ್ಕೊಮ್ಮೆ ಬೆಳಗ್ಗೆ, ನಿನ್ನೆ ಇಷ್ಟು ಲಾಗಿನ್ ಆದವು ಎಂದು ತಾನಾಗಿ ಬರುವ ಒಂದು ಪುಟ್ಟ ಪತ್ರ ಹೊಂದಿಸಿಡಿ. ಅದು ಬಾರದ ಬೆಳಗ್ಗೆ ಹೋಗಿ ನೋಡಿ.

ಕೊನೆಗೆ, ಆ ಪತ್ರ ನಿಜವಾಗಿ ಬಂದ ರಾತ್ರಿ ಏನು ಮಾಡುತ್ತೀರೆಂದು ಈಗಲೇ ನಿರ್ಧರಿಸಿ. ಯಂತ್ರವನ್ನು ಗಾಬರಿಯಿಂದ ಆರಿಸಬೇಡಿ, ಮೆಮೊರಿಯಲ್ಲಿರುವ ಸಾಕ್ಷಿ ಅಳಿಸಿಹೋಗುತ್ತದೆ. ಸರ್ವರ್ ಬಾಡಿಗೆ ಕೊಟ್ಟವರ ನಿಯಂತ್ರಣ ಫಲಕಕ್ಕೆ ಹೋಗಿ, ಹೊರಗಿನ ಫೈರ್‌ವಾಲ್‌ನಲ್ಲಿ ನಿಮ್ಮ ವಿಳಾಸವೊಂದನ್ನು ಬಿಟ್ಟು ಉಳಿದೆಲ್ಲ ಸಂಪರ್ಕ ಕತ್ತರಿಸಿ, ಒಳಬರುವುದನ್ನೂ ಹೊರಹೋಗುವುದನ್ನೂ. ಡಿಸ್ಕ್‌ನ ಸ್ನ್ಯಾಪ್‌ಶಾಟ್ ತೆಗೆಯಿರಿ. ಆಮೇಲೆ ಲಾಗಿನ್ ಆಗಿ ಯಾರು ಕೂತಿದ್ದಾರೆ, ಯಾವ ಪ್ರೋಗ್ರಾಂಗಳು ಓಡುತ್ತಿವೆ, ಎಲ್ಲಿಗೆ ಸಂಪರ್ಕಗಳು ತೆರೆದಿವೆ ಎಂದು ನೋಡಿ ಬರೆದಿಟ್ಟುಕೊಳ್ಳಿ. ಆ ಕೀಲಿಯನ್ನು ರದ್ದು ಮಾಡಿ, ಅಧಿಕೃತ ಕೀಲಿಗಳ ಕಡತಕ್ಕೆ ಹೊಸದೇನಾದರೂ ಸೇರಿದೆಯೇ ನೋಡಿ. ಸಂಸ್ಥೆಯ ಪರವಾಗಿ ಸರ್ವರ್ ನಡೆಸುವವರಿಗೆ ಗಡುವೂ ಇದೆ: ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಇಂಥ ನುಸುಳುವಿಕೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್‌ಗಳನ್ನು ಕಾಪಿಟ್ಟಿರಬೇಕು. ಆ ಆರು ಗಂಟೆಗಳ ಎಣಿಕೆ ಎಲ್ಲಿಂದ ಶುರುವಾಯಿತೆಂದು ಯಾರಾದರೂ ಕೇಳಿದರೆ ತೋರಿಸಲು ನಿಮ್ಮ ಬಳಿ ಸೆಕೆಂಡಿನ ಲೆಕ್ಕದಲ್ಲಿ ಹೊತ್ತು ನಮೂದಾದ ಆ ಮೇಲ್ ಇರುತ್ತದೆ.